ಕಂಟಿನ್ಯುಯಿಟಿ ಪುಸ್ತಕ

ನನ್ನ ಕೆಲಸ ಇಷ್ಟೇ:
ಹಿಂದಿನ ಶಾಟಿನಲ್ಲಿ ಮೇಣದಬತ್ತಿ ಎಷ್ಟು ಕರಗಿತ್ತು,
ನಾಯಕಿಯ ತಲೆವಸ್ತ್ರದ ಗಂಟು ಎಡಕ್ಕೋ ಬಲಕ್ಕೋ,
ಲೋಟದಲ್ಲಿ ದಾಸವಾಳದ ಪಾನಕ ಎಷ್ಟು ಬೆರಳು,
ಬರೆದಿಡುವುದು.
ತುಂಡು ತುಂಡಾಗಿ ತೆಗೆದ ಪ್ರೀತಿ
ಪರದೆಯ ಮೇಲೆ ಒಂದೇ ಉಸಿರಿನದೆಂದು ಕಾಣಬೇಕು.

ಲಾಗೋಸ್, ಸುರುಲೆರೆ. ಹರ್ಮಟಾನ್ ಧೂಳಿನ ಜನವರಿ.
ಬಾಡಿಗೆಗೆ ಹಿಡಿದ ಮನೆ, ಎರಡನೆಯ ಮಹಡಿ.
ನಿರ್ದೇಶಕಿ ಎಬಿಯೆರೆ, ಬರಿಗಾಲು,
ಕುತ್ತಿಗೆಗೆ ಹೆಡ್‌ಫೋನು, ಹಲ್ಲಲ್ಲಿ ಪೆನ್ನಿನ ಮುಚ್ಚಳ.
ದೃಶ್ಯ ನಲವತ್ತೊಂದು:
ಅವನು ಕೇಳುತ್ತಾನೆ, ಅವಳು ಹೂಂ ಅನ್ನುತ್ತಾಳೆ.
ಬೆಳಗಿನಿಂದ ಅಷ್ಟೇ.
ಅವನು ಕೇಳಿದಾಗಲೆಲ್ಲ ಪಕ್ಕದ ಮನೆಯ ಜನರೇಟರ್
ಅವಳಿಗಿಂತ ಮೊದಲೇ ಹೂಂಗುಟ್ಟುತ್ತದೆ.

ಟೇಕ್ ಒಂಬತ್ತು: ಜನರೇಟರ್.
ಟೇಕ್ ಹನ್ನೊಂದು: ನಾಯಕನ ಮೀಸೆ ಬಿಚ್ಚಿಕೊಂಡಿತು.
ಟೇಕ್ ಹದಿನಾಲ್ಕು: ಬೇರೆ ಚಿತ್ರದ ಹುಡುಗಿಯ ಹೆಸರು ಹಿಡಿದು ಕೂಗಿದ.
ಟೇಕ್ ಹದಿನೇಳು: ಮತ್ತೆ ಜನರೇಟರ್.

ಅಷ್ಟರಲ್ಲಿ ಡೊಕುಬೊ ಬಂದ, ಊಟದ ಡಬ್ಬಿ ಹಿಡಿದು.
ಲಗೂನಿನ ದೋಣಿಗಳ ಎಂಜಿನ್ನು ರಿಪೇರಿ ಮಾಡುವವನು,
ಉಗುರಿನೊಳಗೆ ಹಬ್ಬಕ್ಕೂ ಹೋಗದ ಗ್ರೀಸು.

ಇವರಿಬ್ಬರ ಮದುವೆಗೂ ನಾನೊಂದು ಪುಸ್ತಕ ಇಡಬೇಕಿತ್ತು.
ಮೊದಲ ಸಲ, ಮಳೆಯ ದೃಶ್ಯಕ್ಕೆ ಮಳೆ ಬರಲಿಲ್ಲ, ಮುಂದೆ ಹೋಯಿತು.
ಎರಡನೆಯ ಸಲ, ಹಣ ಹಾಕುವವನು ಸಿಕ್ಕಿದ, ಅದೇ ಶನಿವಾರ.
ಮೂರನೆಯ ಸಲ ಎಲ್ಲ ಗೊತ್ತಾಗಿ, ಹಾಲಿಗೆ ಮುಂಗಡ ಕೊಟ್ಟಾಗಿ,
ಅಲಂಕಾರ ನೋಡಲು ಹೋದವಳು
ಕಿಟಕಿಯಿಂದ ಬೆಳಕು ಬೀಳುವ ಪರಿ ನೋಡಿ ನಿಂತಳು:
ಇಲ್ಲೇ ಕ್ಲೈಮ್ಯಾಕ್ಸ್ ತೆಗೆದರೆ?
ತೆಗೆದಳು.
ಅತಿಥಿಗಳ ಸಾಲಿನಲ್ಲಿ, ಮೂರನೆಯ ಕುರ್ಚಿ, ಬಾಡಿಗೆ ಟೋಪಿ,
ಡೊಕುಬೊ ಯಾರದೋ ಮದುವೆಗೆ ಚಪ್ಪಾಳೆ ತಟ್ಟಿದ.
ಚೆನ್ನಾಗಿ ತಟ್ಟಿದ. ಒಂದೇ ಟೇಕು.

ಈಗ ಅವಳು ಅವನ ಮುಖ ನೋಡದೆಯೇ ಅಂದಳು:
ಎಂಜಿನ್ನುಗಳ ಭಾಷೆ ನಿನಗೆ ಬರುತ್ತಲ್ಲ, ಹೋಗಿ ಹೇಳು.
ಡಬ್ಬಿ ಮೆಟ್ಟಿಲ ಮೇಲಿಟ್ಟು ಹೋದ.

ಸದ್ದು ನಿಂತಿತು.
ಇಡೀ ಬೀದಿಯ ಕಿವಿಯಿಂದ ನೀರು ಜಾರಿದ ಹಾಗೆ.
ಟೇಕ್ ಹದಿನೆಂಟು. ಆಕ್ಷನ್.
ನಾಯಕ ಮಂಡಿಯೂರಿದ. ಕೇಳಿದ.
ನಾಯಕಿ ಉಸಿರೆಳೆದಳು.
ಆ ಉಸಿರಿನ ಬಿರುಕಿನಲ್ಲಿ, ಗೋಡೆಯಾಚೆಯಿಂದ:
"ನಾನು ಏಳು ವರ್ಷ ಕಾದಿದ್ದೇನೆ, ಸ್ವಾಮಿ,
ನೀವು ಏಳು ನಿಮಿಷ ಕಾಯಿರಿ.
ಫ್ರಿಜ್ಜಿನ ಮೀನು ಕೆಟ್ಟರೆ ನನ್ನ ಲೆಕ್ಕಕ್ಕೆ."

ಧ್ವನಿಯ ಹುಡುಗ ಕೈಯೆತ್ತಿದ.
ಕಟ್ ಅನ್ನಬೇಕಾದವಳು ಅನ್ನಲಿಲ್ಲ.
ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೊತ್ತಿಕೊಂಡು ನಿಂತಳು,
ಬಹಳ ದೂರದಿಂದ ಕರೆ ಬಂದವಳಂತೆ.
ನಾಯಕಿ, ಪಾಪ, ಹೂಂ ಅಂದಳು.
ಯಾರೂ ನಿಲ್ಲಿಸದ್ದಕ್ಕೆ ಇನ್ನೊಮ್ಮೆ ಹೂಂ ಅಂದಳು.
ಅಪ್ಪಿಕೊಂಡವರು ಅಪ್ಪಿಕೊಂಡೇ ಇದ್ದರು, ಬೆವರುತ್ತ.
ಮೇಣ ಹರಿದು ಮೇಜುಬಟ್ಟೆ ಮುಟ್ಟಿತು.

ಆಮೇಲೆ ಏನಾಯಿತು ಅಂದರೆ, ಏನೂ ಆಗಲಿಲ್ಲ.
ಇಬ್ಬರೂ ಮೆಟ್ಟಿಲ ಮೇಲೆ ಕೂತು ತಣ್ಣಗಾದ ಅನ್ನ ತಿಂದರು,
ಖಾರ ಹೆಚ್ಚೋ ಕಮ್ಮಿಯೋ ಎಂದು ಜಗಳವಾಡಿದರು.
ಅವನು ಫೆಬ್ರವರಿ ಅಂದ. ಅವಳು ಎಡಿಟಿಂಗ್ ಅಂದಳು.
ಅವನು ಏನೂ ಅನ್ನಲಿಲ್ಲ; ಡಬ್ಬಿಯ ಮುಚ್ಚಳ ಒರೆಸಿದ,
ಅದಾಗಲೇ ಒರೆಸಿತ್ತು.
ಪಕ್ಕದವರ ಮೀನು ನಿಜಕ್ಕೂ ಕೆಟ್ಟಿತು.
ಬಿಲ್ಲು ನಮ್ಮ ಪ್ರಾಪರ್ಟಿ ಖರ್ಚಿನಲ್ಲಿ ಸೇರಿತು,
ಮೀನು ಎಲ್ಲಿಯ ದೃಶ್ಯದ್ದು ಎಂದು ನಿರ್ಮಾಪಕ ಇಂದಿಗೂ ಕೇಳುತ್ತಾನೆ.

ಆ ಸಂಜೆ ಪುಸ್ತಕದಲ್ಲಿ ಬರೆದೆ:
ಟೇಕ್ ಹದಿನೆಂಟು. ಗೋಡೆಯಾಚೆ ಗಂಡಸಿನ ದನಿ. ಬಳಸುವಂತಿಲ್ಲ.
ಎಬಿಯೆರೆ ಹೆಗಲ ಮೇಲಿಂದ ಬಾಗಿ ನೋಡಿದಳು,
ಕೊನೆಯ ಮಾತು ಹೊಡೆದುಹಾಕಿ ಓಕೆ ಎಂದು ಬರೆದಳು,
ಅಂಚಿನಲ್ಲಿ, ಇರುವೆಗಾತ್ರದಲ್ಲಿ, ಒಂದು ತಾರೀಖು.

ಪೆನ್ನು ನನ್ನ ಕೈಯಲ್ಲಿತ್ತು.
ಅವಳು ಬರೆದದ್ದು ಪೆನ್ಸಿಲಿನಲ್ಲಿ.