ಹಿಟ್ಟಿನ ಕೈ

ಡಾಕ್ಟರು ಚೀಟಿಯ ಹಿಂಬದಿಗೆ ಬರೆದರು:
ಗೋಧಿ, ಹಾಲು, ಮೊಟ್ಟೆ, ಶೇಂಗಾ, ಮೀನು.
ಆರು ವಾರ ಬಂದ್. ಆಮೇಲೆ ಒಂದೊಂದೇ.
ಓದಿದೆ. ಮೀನೊಂದನ್ನು ಬಿಟ್ಟರೆ
ನಮ್ಮ ಬೇಕರಿಗೆ ದಿನಾ ಇಳಿಯುವ ಸಾಮಾನಿನ ಪಟ್ಟಿ ಅದು.

ಹದಿನೇಳು ವರ್ಷ, ದುರ್ಗಿಗುಡಿಯ ಒಲೆಯ ಮುಂದೆ
ಬನ್ನು, ಖಾರಾ ಬ್ರೆಡ್ಡು, ದಿಲ್‌ಪಸಂದು.
ನಸುಕಿನ ಮೂರಕ್ಕೆ ಎದ್ದು ನಾದಿದ್ದೆಲ್ಲ
ಮಕ್ಕಳ ಹೊಟ್ಟೆಗೆ ಅಂದುಕೊಂಡಿದ್ದೆ.

ಈಗ ಬಾಗಿಲಲ್ಲೇ ನಿಲ್ಲಿಸುತ್ತಾಳೆ ಸರೋಜಿನಿ.
ಅಂಗಿ ಹೊರಗೆ. ಬಕೆಟ್ಟು ಹೊರಗೆ.
ಉಗುರಿಗೆ ಹಳೇ ಬ್ರಷ್ಷು.
ಎದುರು ಮನೆಯವರು ಮೆಲ್ಲಗೆ ಕೇಳಿದರು,
"ಯಾರಾದ್ರೂ ಹೋದ್ರೇನ್ರೀ?"
ಇಲ್ಲ, ಮೈದಾ, ಅಂದೆ.

ಅಮ್ಮನಿಗೆ ಇದೊಂದೂ ಒಪ್ಪಿಗೆಯಿಲ್ಲ.
"ನಿನ್ನ ಮೈಮೇಲೂ ಇತ್ತು ಕಣೋ, ಬೇವಿನ ನೀರು ಹುಯ್ದೆ, ಹೋಯ್ತು.
ಹಾಲು ಕೊಡದೆ ಮಕ್ಕಳನ್ನ ಸಾಕೋದು ಯಾವ ಊರಲ್ಲಿ?"
ಆದರೂ ತನ್ನ ಕಾಫಿಯನ್ನು
ಹಿತ್ತಿಲ ಒಗೆಯೋ ಕಲ್ಲಿನ ಮೇಲೆ ಕೂತು ಕುಡಿಯುತ್ತಾಳೆ,
ಲೋಟ ತಾನೇ ತೊಳೆದು ಬೇರೆ ಕವುಚುತ್ತಾಳೆ.

ಕಡುಬು, ಅಕ್ಕಿರೊಟ್ಟಿ, ಸೌತೆಕಾಯಿ ಹುಳಿ, ಮತ್ತೆ ಕಡುಬು.
ಮೂರನೇ ವಾರ ವಿಸ್ಮಿತಾ ತಟ್ಟೆ ದೂಡಿದಳು.
ಅವಳಿಗೇನೂ ಆಗಿಲ್ಲ; ಅದೇ ಅವಳ ತಪ್ಪು ಈಗ.
ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ
ಪಫ್ಸಿನ ಪುಡಿ, ಇರುವೆ ಸಾಲು.
ನಾನು ನೋಡಿದ್ದನ್ನು ಅವಳೂ ನೋಡಿದಳು.
ಮರುದಿನ ನಾನೇ ಒಂದು ತಂದು
ಪೇಪರಿನಲ್ಲಿ ಸುತ್ತಿ, ಟ್ಯಾಂಕಿನ ಮೇಲಿಟ್ಟು ಇಳಿದೆ.

ಧನು ಜಗಳವಾಡುವುದಿಲ್ಲ.
ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬ, ಕೊಟ್ಟ ಚಾಕೊಲೇಟು
ಜೇಬಿನಲ್ಲೇ ಮನೆಗೆ ಬರುತ್ತದೆ.
ಕಂಪಾಸ್ ಬಾಕ್ಸಿನಲ್ಲಿ ಏಳು, ಕರಗಿ ಗಟ್ಟಿಯಾಗಿ,
"ಬಿಡುಗಡೆ ದಿನಕ್ಕೆ" ಅನ್ನುತ್ತಾನೆ.
ಒಮ್ಮೆ ನನ್ನ ಅಂಗೈ ಮೂಸಿ ಅಂದ,
"ಅಪ್ಪಾ, ನಿಂಗೀಗ ಸೋಪಿನ ವಾಸನೆ."

ನಾಲ್ಕನೇ ವಾರ, ಒಂದು ರಾತ್ರಿ
ತುರಿಸಿಕೊಳ್ಳುವ ಸದ್ದು ಕೇಳಲಿಲ್ಲ.
ಕೈಗೆ ಹಾಕಿದ ಕಾಲುಚೀಲ ಬಿಚ್ಚಿಬಿದ್ದಿತ್ತು,
ಮೊಣಕೈ ಸಂದಿಯಲ್ಲಿ ರಕ್ತವಿರಲಿಲ್ಲ.
ಆ ಸುಮ್ಮನಿರುವಿಕೆಗೆ ನಿದ್ದೆ ಹತ್ತದೆ
ನಾವಿಬ್ಬರೂ ಎದ್ದು ಕೂತಿದ್ದೆವು.

ಏಳನೇ ವಾರ, ಸೋಮವಾರ: ಮೊಟ್ಟೆ.
ಕಡಲೆಯಷ್ಟು ಹಳದಿ, ಚಮಚದ ತುದಿಯಲ್ಲಿ.
ಅಮ್ಮ ದೀಪ ಹಚ್ಚಿಟ್ಟಿದ್ದಾಳೆ, ಮೊಟ್ಟೆಗೆ!
ಸರೋಜಿನಿ ಗಡಿಯಾರ ನೋಡಿ ಬರೆದುಕೊಂಡಳು, ಏಳೂ ನಲವತ್ತು.
ಗೋಧಿ ಕೊನೆಗಂತೆ, ಇನ್ನೂ ಎಷ್ಟು ದೂರವೋ.

ಒಂಬತ್ತಕ್ಕೆ ಅವನು ಕಾಲು ಚಾಚಿದ.
"ಮಂಡಿ ಕಡೀತಿದೆ. ಆದ್ರೆ ಅದು ಸೊಳ್ಳೆ."
ಸೊಳ್ಳೆಯೇನಾ ಅಂತ
ನಾವು ನಾಲ್ಕೂ ಜನ, ವಿಸ್ಮಿತಾ ಕೂಡ,
ಬಗ್ಗಿ ನೋಡಿದೆವು.