ಮೂರು ತಪ್ಪುಗಳವರೆಗೆ

ವಿಸ್ಬಿ ಊರಿನ ದಾಖಲೆಮನೆ, ನೆಲಮಾಳಿಗೆ.
ಮೂರು ಚಳಿಗಾಲದಿಂದ ನನ್ನ ಕೆಲಸ ಇಷ್ಟೇ:
ಹೆಸರಿಗೆ ಹೆಸರು ತಾಳೆ ನೋಡುವುದು.

ನಲವತ್ತನಾಲ್ಕರಲ್ಲಿ ಮೀನುದೋಣಿ ಹತ್ತಿ
ಎಸ್ಟೋನಿಯಾದಿಂದ ಬಂದಿಳಿದವರ ಪಟ್ಟಿ.
ಬರೆದುಕೊಂಡ ಗುಮಾಸ್ತ ನಮ್ಮ ಸ್ವೀಡನ್ನಿನವ, ಅವರ ಭಾಷೆ ಬಾರದು,
ಬೆರಳು ಸೆಟೆದಿದ್ದವು,
ಶಾಯಿಗೆ ಉಪ್ಪುನೀರು ತಗುಲಿತ್ತು.
ಕೆಲವೆಡೆ ಅಕ್ಷರವೇ ಇಲ್ಲ, ಬರೀ ನೀಲಿ ಕಲೆ.
ಅದು ‘ಆ’ ಇದ್ದೀತು, ‘ಓ’ ಇದ್ದೀತು,
ತಲೆಯ ಮೇಲಿನ ಎರಡು ಚುಕ್ಕಿ ಕಳೆದುಕೊಂಡ
ಬೇರೆ ಯಾವುದೋ ಇದ್ದೀತು.
ನನ್ನ ಪ್ರೋಗ್ರಾಮು ಕಲೆಯ ಮೇಲೆ ಸಿಡುಕುವುದಿಲ್ಲ,
ಮೂವರಿಗೂ ಒಂದೊಂದು ಪಾಲು ಹಂಚಿ
ಮುಂದಿನ ಮನೆಗೆ ಕಾಯಿ ನಡೆಸುತ್ತದೆ.

ಬಲಕ್ಕೆ ಒಂದು ಮನೆ: ಅಕ್ಷರ ಬಿಟ್ಟುಹೋಗಿದೆ.
ಕೆಳಕ್ಕೆ ಒಂದು ಮನೆ: ಯಾರೋ ಹೆಚ್ಚಿಗೆ ಸೇರಿಸಿದ್ದಾರೆ.
ಓರೆಗೆ ಇಳಿದರೆ ಒಂದರ ಜಾಗದಲ್ಲಿ ಇನ್ನೊಂದು;
ಎರಡೂ ಒಂದೇ ಆಗಿದ್ದರೆ ಆ ನಡೆ ಪುಕ್ಕಟೆ.
ಕೊನೆಯ ಮೂಲೆಯಲ್ಲಿ ಲೆಕ್ಕ ಸಿಗುತ್ತದೆ,
ಒಬ್ಬ ಮನುಷ್ಯ ಇನ್ನೊಬ್ಬನಾಗಲು
ಎಷ್ಟು ತಪ್ಪು ಬೇಕು.

ಮಾರ್ಚಿಯಲ್ಲಿ ಲೈದಾ ಕೊಪ್ಪೆಲ್ಮಾ ಬಂದರು,
ಊರುಗೋಲು, ಕಾಗದದಲ್ಲಿ ಸುತ್ತಿದ ಕರಿರೊಟ್ಟಿ.
ಅಣ್ಣ ಎಂಡೆಲ್. ಒಂಬತ್ತು ವರ್ಷ. ಬೇರೆ ದೋಣಿ.

ಒಂದು ತಪ್ಪು ಮಾಫಿ ಮಾಡಿದೆ: ಯಾರೂ ಇಲ್ಲ.
ಎರಡು: ಒಬ್ಬ ಮುದುಕ, ಒಂದು ಹಸುಗೂಸು.
ಮೂರು: ಹನ್ನೊಂದು ಮಂದಿ, ಅರ್ಧಕ್ಕರ್ಧ ಹೆಂಗಸರು.
‘ಐದು ಮಾಡಿ’ ಎಂದರು.
ಮೂರು ದಾಟಿದರೆ ಅರ್ಥವಿಲ್ಲ ಅಜ್ಜಿ,
ಇಡೀ ದಡವೇ ನಿಮ್ಮ ಅಣ್ಣನಾಗುತ್ತದೆ, ಎಂದೆ.

ರೊಟ್ಟಿ ಬಿಚ್ಚುತ್ತ ಹೇಳಿದರು:
ಕೊಪ್ಪೆಲ್ಮಾ ನಮ್ಮ ಹೆಸರಲ್ಲ. ಹೊರಡುವ ರಾತ್ರಿ
ಅಮ್ಮ ಕಟ್ಟಿದ ಹೆಸರು, ಅಪ್ಪನ ಜಾಡು ಹಿಡಿಯಬಾರದೆಂದು.
ನನಗೆ ಬಾಯಿಪಾಠ ಮಾಡಿಸಿದಳು.
ಅವನಿಗೆ ಮಾಡಿಸಿದಳೋ, ಹೊತ್ತು ಸಿಕ್ಕಿತೋ ಇಲ್ಲವೋ.
ಹಳೆಯದೇನೆಂದು ಸಾಯುವವರೆಗೂ ಬಾಯಿ ಬಿಡಲಿಲ್ಲ.

ಕೈಜಾರಿದ ಅಕ್ಷರಕ್ಕೆ ನನ್ನಲ್ಲಿ ಬೆಲೆ ಇದೆ,
ಬೇಕೆಂದೇ ಬರೆದದ್ದಕ್ಕೆ ಇಲ್ಲ.

ಐದು ಎಂದು ಒತ್ತಿದೆ.
ನಾನೂರ ಆರು ಹೆಸರು, ಹದಿನಾಲ್ಕು ಹಾಳೆ.
ಅಜ್ಜಿ ಒಂದೊಂದನ್ನೂ ಜೋರಾಗಿ ಓದಿದರು.
‘ಇದು ಹೀಗಲ್ಲ, ಇಲ್ಲಿ ಎಳೆಯಬೇಕು.’
‘ಪಾಪ, ಇವನ ಚುಕ್ಕಿ ಎಲ್ಲಿ?’
ನನ್ನ ಪೆನ್ಸಿಲು ಇಸಿದುಕೊಂಡು
ತಮಗೆ ಸಂಬಂಧವಿಲ್ಲದವರಿಗೆಲ್ಲ
ಎರಡೆರಡು ಚುಕ್ಕಿ ಇಟ್ಟರು.

ಬಾಗಿಲು ಹಾಕುವ ಹೊತ್ತಿಗೆ ಅರವತ್ತಮೂರು ಆಗಿತ್ತು.
ಅರವತ್ತನಾಲ್ಕರ ಮೇಲೆ ರೊಟ್ಟಿಯ ಪುಡಿ.
ಊದಲಿಲ್ಲ ನಾನು. ನಾಳೆ ಬರುತ್ತಾರಂತೆ.