ಸರಾಸರಿ ಹೆಬ್ಬೆರಳು

ದೆಹಲಿಯಿಂದ ಕರಡು ಬಂದಾಗ ಮೇಟಗಳ್ಳಿಯಲ್ಲಿ ಕರೆಂಟಿರಲಿಲ್ಲ.
ಷೆಡ್ಡಿನ ಬಾಗಿಲ ಬೆಳಕಿಗೆ ಹಿಡಿದು ಓದಿದೆ:
ನೂರ ಹನ್ನೆರಡು ಪುಟ, ಅಷ್ಟೂ ಇಂಗ್ಲಿಷು.
ಆಕ್ಷೇಪಣೆಗೆ ಅರವತ್ತು ದಿನ,
ನಲವತ್ತೊಂದು ಆಗಲೇ ಮುಗಿದಿದ್ದವು.

ಲೇತಿನ ಮೇಲೆ ಮೊಣಕೈಯೂರಿ ಇಲಿಯಾಸಣ್ಣ ಕೇಳಿದರು,
"ನಮ್ಮ ಪ್ಲಗ್ಗು ಅದರಲ್ಲಿದೆಯಾ?"
ಇರಲಿಲ್ಲ.
ಸಮಿತಿ ಹಿಡಿದ ಮೊಲಕ್ಕೆ ಮೂರೇ ಕಾಲು.
ನಮ್ಮದಕ್ಕೆ ನಾಲ್ಕು.

ಕಲಂ ಏಳು, ಉಪಕಲಂ ಮೂರು:
ಚಾರ್ಜಿಂಗ್ ಗನ್ನಿನ ಚಿಲಕವನ್ನು
ಹೆಬ್ಬೆರಳಿನಿಂದ ಒತ್ತತಕ್ಕದ್ದು, ಬಲ ನಲವತ್ತು ನ್ಯೂಟನ್.
ಯಾರ ಹೆಬ್ಬೆರಳು?
ಅಡಿಟಿಪ್ಪಣಿಯಲ್ಲಿತ್ತು: ಸರಾಸರಿ ವಯಸ್ಕ ಪುರುಷನದು.
ಯಾವ ಸೀಮೆಯವನೋ, ಏನು ಉಂಡು ಬೆಳೆದವನೋ.

ನಮ್ಮ ಮಾದರಿ ಹುಟ್ಟಿದ್ದು ಮಾಯಿಗಮ್ಮನ ಕೈಯಿಂದ.
ಬಂಡೀಪಾಳ್ಯದಿಂದ ಸೊಪ್ಪು ಹೇರುವ ಬ್ಯಾಟರಿ ಗಾಡಿ ಅವಳದು.
ಪಾಂಡವಪುರದಲ್ಲಿ ಕಬ್ಬು ಕಡಿಯುತ್ತಿದ್ದ ಕಾಲಕ್ಕೆ
ಮಚ್ಚು ಜಾರಿ, ಬಲ ಹೆಬ್ಬೆರಳು
ಮಡಿಚುವುದನ್ನೇ ಮರೆತಿತ್ತು.
ಒಂದು ಸಂಜೆ ಕಂಪನಿಯ ಗನ್ನನ್ನು ನಮ್ಮ ಮೇಜಿನ ಮೇಲೆ ಒಗೆದು
"ಇದನ್ನ ಮಾಡ್ದೋನ್ಗೆ ಅವ್ವ ಇರ್ಲಿಲ್ವಾ?" ಅಂದಳು.

ಹನ್ನೊಂದು ತಿಂಗಳು, ಇಪ್ಪತ್ತಮೂರು ಸ್ಪ್ರಿಂಗು.
ಕೊನೆಗೊಂದು ಚಿಲಕ, ಅಂಗೈಯಲ್ಲಿ ತಳ್ಳಿದರೆ ಬಿಟ್ಟುಕೊಳ್ಳುವಂಥದ್ದು,
ಅಡುಗೆಮನೆಯ ಕದದ ಹಾಗೆ.

ಆಕ್ಷೇಪಣೆ ಬರೆಯಲು ಕೂತೆ. ನಮೂನೆಯಲ್ಲಿ ಐದು ಅಂಕಣ,
ಕೊನೆಯದು: ಸಮರ್ಥನೆ.
ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಗೆ ಮೊಳ ಹಾಕುವವರನ್ನು
ಆ ಡಬ್ಬಿಯೊಳಗೆ ಹೇಗೆ ಕೂರಿಸಲಿ?
ಗಿರಾಕಿಗಳು ಉದ್ದ ತೋಳಿನವಳನ್ನೇ ಹುಡುಕುತ್ತಾರೆ,
ಮೋಟು ಕೈಯವಳು ಮೇಲೊಂದು ಗೇಣು ಕೊಸರು ಹಾಕುತ್ತಾಳೆ.
ಅಳತೆ ಹುಟ್ಟಿದ್ದು ಕೈಯಿಂದ.
ಈಗ ಕೈಯೇ ಅಳತೆಗೆ ಸಾಲದು.

ಹಾಗಂತ ಮೊಳವೇ ಇರಲಿ ಎನ್ನಲಾರೆ.
ಕಂಪನಿಗೊಂದು ಪ್ಲಗ್ಗಾಗಿ, ರಿಂಗ್ ರಸ್ತೆಯಲ್ಲಿ ಒಂದೂ ಹೊಂದದೆ,
ಸೊಪ್ಪು ಬಾಡಿದ ಆ ರಾತ್ರಿ
ಮಾಯಿಗಮ್ಮನ ಗಾಡಿಯನ್ನು ನಾನೂ ತಳ್ಳಿದ್ದೇನೆ.
ಒಂದೇ ಇರಲಿ. ಆದರೆ ಯಾವ ಒಂದು?

"ಹೆಬ್ಬೆರಳಿನಿಂದ" ಆದಮೇಲೆ
"ಅಥವಾ ಅಂಗೈಯಿಂದ" ಎಂದು ಸೇರಿಸಿರೆಂದೆ.
ಲಗತ್ತು ಒಂದೇ, ಅವಳ ಕೈಯ ಫೋಟೋ.
ತೆಗೆಸಿಕೊಳ್ಳಲು ಹೊಸ ಬಳೆ ತೊಟ್ಟು ಬಂದಿದ್ದಳು.

ಎಂಟು ತಿಂಗಳ ಮೇಲೆ ಉತ್ತರ: ಗಮನಿಸಲಾಗಿದೆ.

ಅಂತಿಮ ಮಾನಕವನ್ನು ದುಡ್ಡು ಕೊಟ್ಟೇ ತರಿಸಿದೆವು.
ಕಲಂ ಏಳರಲ್ಲಿ ನಲವತ್ತು ಹೋಗಿ ಮೂವತ್ತೈದಾಗಿತ್ತು.
ಹೆಬ್ಬೆರಳು ಹಾಗೇ ಇತ್ತು.
ನಮ್ಮ ಪತ್ರದಿಂದಲೋ, ಬೇರೆ ಯಾರ ಬೆರಳು ನೊಂದೋ,
ಎಲ್ಲೂ ಬರೆದಿರಲಿಲ್ಲ.

ಐದು ನ್ಯೂಟನ್ ಅಂದರೆ ಎಷ್ಟೆಂದು ತಿಳಿಸಲು
ಇಲಿಯಾಸಣ್ಣ ಅರ್ಧ ಕಿಲೋ ತೂಕದ ಕಲ್ಲನ್ನು
ಅವಳ ಅಂಗೈಯಲ್ಲಿಟ್ಟರು.
ಎತ್ತಿ ಇಳಿಸಿ ನೋಡಿದಳು.

"ಒಂದ್ ಕಟ್ಟು ದಂಟಿನ್‌ಸೊಪ್ಪು," ಅಂದಳು.
"ಮಿಕ್ಕಿದ್ದು ಯಾವಾಗ್ ಇಳಿಸ್ತಾರಂತೆ?"